ಹಾಡಿನೊಳಗಣ ನೆಲ: ಕಲ್ಯಾಣ ಸೀಮೆಯ ಭೂಪರಂಪರೆ ಮತ್ತು ಕನ್ನಡ ಸಂಶೋಧನೆಯ ಹೊಣೆ

೧

ವಿಶ್ವವಿದ್ಯಾಲಯಗಳ ಆವರಣದಲ್ಲಿ ಭೂವಿಜ್ಞಾನ ವಿಭಾಗವೂ ಕನ್ನಡ ವಿಭಾಗವೂ ನೆರೆಹೊರೆಯಲ್ಲಿದ್ದರೂ ಅವುಗಳ ನಡುವೆ ವಿಚಾರ ವಿನಿಮಯ ನಡೆದದ್ದು ವಿರಳ. ಒಂದು ಕಲ್ಲನ್ನು ಓದುತ್ತದೆ. ಮತ್ತೊಂದು ಕಲ್ಲಿನ ಮೇಲಿನ ಅಕ್ಷರವನ್ನು ಓದುತ್ತದೆ. ಹುಮನಾಬಾದ್ ಪರಿಸರದ ಜಲಸಂಗ್ವಿಯ ಚಾಲುಕ್ಯ ದೇವಾಲಯದಲ್ಲಿ, ಆರನೆಯ ವಿಕ್ರಮಾದಿತ್ಯನ ಕೀರ್ತಿಯನ್ನು ಶಾಸನವಾಗಿ ಬರೆಯುತ್ತಿರುವ ಭಂಗಿಯಲ್ಲಿ ನಿಂತ ಶಿಲಾಬಾಲಿಕೆಯಿದ್ದಾಳೆ. ಆಕೆಯ ನಿಲುವು, ಆಕೆ ಬರೆದ ಅಕ್ಷರ, ಆ ಅಕ್ಷರ ಸಾರುವ ಅರಸನ ಹಿರಿಮೆ ಇವೆಲ್ಲ ಕಲಾ ಇತಿಹಾಸಕಾರರ ಮತ್ತು ಶಾಸನತಜ್ಞರ ಗಮನ ಸೆಳೆದಿವೆ. ಆಕೆ ಯಾವ ಕಲ್ಲಿನಲ್ಲಿ ಮೂಡಿದ್ದಾಳೆ, ಆ ಕಲ್ಲು ಹುಟ್ಟಿದ್ದು ಹೇಗೆ ಎಂಬ ಪ್ರಶ್ನೆ ಮಾತ್ರ ಸಾಹಿತ್ಯದ ತರಗತಿಯೊಳಗೆ ಬರುವುದು ಅಪರೂಪ.

ಈ ಅಗಲಿಕೆಯನ್ನು ಕುರಿತು ಮರುಚಿಂತನೆ ಮಾಡಬೇಕಾದ ಸಂದರ್ಭ ಈಗ ಒದಗಿದೆ. ಸ್ಮಾರಕ, ಹಸ್ತಪ್ರತಿ, ಶಾಸನಗಳಂತೆ ಕಲ್ಲು, ಮಣ್ಣು, ಕಣಿವೆ, ಚಿಲುಮೆಗಳೂ ಪರಂಪರೆಯೇ ಎಂಬ ಅರಿವು ಕಳೆದ ಕೆಲವು ದಶಕಗಳಲ್ಲಿ ಬೆಳೆದಿದೆ. ಯುನೆಸ್ಕೊ ಸಂಸ್ಥೆಯು ೨೦೧೫ರಲ್ಲಿ ಜಾಗತಿಕ ಭೂ ಉದ್ಯಾನಗಳ ಯೋಜನೆಗೆ ಮನ್ನಣೆ ನೀಡಿತು. ೨೦೨೧ರಲ್ಲಿ ಅಕ್ಟೋಬರ್ ೬ನ್ನು ಅಂತಾರಾಷ್ಟ್ರೀಯ ಭೂವೈವಿಧ್ಯ ದಿನವೆಂದು ಸಾರಿತು. ಭಾರತದಲ್ಲಿ ಭೂಪರಂಪರೆಯ ತಾಣಗಳ ರಕ್ಷಣೆಗಾಗಿ ಮಸೂದೆಯೊಂದರ ಕರಡು ೨೦೨೨ರ ಡಿಸೆಂಬರಿನಲ್ಲಿ ಹೊರಬಂದಿತು. ೨೦೨೫ರ ಸೆಪ್ಟೆಂಬರಿನಲ್ಲಿ ವಿಶ್ವಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿದ ಭಾರತದ ತಾಣಗಳಲ್ಲಿ ಮಹಾರಾಷ್ಟ್ರದ ಪಂಚಗಣಿ-ಮಹಾಬಳೇಶ್ವರಗಳ ದಖನ್ ಶಿಲಾಸ್ತರಗಳೂ ಉಡುಪಿಯ ಸೇಂಟ್ ಮೇರಿ ದ್ವೀಪಸಮೂಹವೂ ಇದ್ದವು. ಪಂಚಗಣಿಯಲ್ಲಿರುವಂತೆಯೇ ದಖನ್ ಬಸಾಲ್ಟಿನ ನೆತ್ತಿಯ ಮೇಲೆ ಕೆಂಪು ಜಂಬುಶಿಲೆಯ ಹೊದಿಕೆಯನ್ನು ಹೊತ್ತ ಬೀದರ್ ಪ್ರಸ್ಥಭೂಮಿ ಆ ಪಟ್ಟಿಯಲ್ಲಿರಲಿಲ್ಲ. ಪಟ್ಟಿಗೆ ಸೇರುವುದೇ ಪರಮಾರ್ಥವೆಂದಲ್ಲ. ಆದರೆ ಒಂದು ನೆಲದ ಬಗ್ಗೆ ಮಾತನಾಡುವ ಜನ, ಭಾಷೆ ಮತ್ತು ಬರಹ ಇಲ್ಲದಿದ್ದರೆ ಆ ನೆಲ ಯಾವ ಪಟ್ಟಿಗೂ ಬರಲಾರದು, ಗಣಿಯ ಹಾರೆಯನ್ನೂ ತಡೆಯಲಾರದು.

ಭೂವಿಜ್ಞಾನವನ್ನು ಜನರ ಬಳಿಗೆ ಒಯ್ಯಲು ಹಾಡು ಮತ್ತು ಕಾವ್ಯ ಸಮರ್ಥ ಸಾಧನಗಳೆಂಬ ಅಭಿಪ್ರಾಯ ವಿಜ್ಞಾನ ಸಂವಹನಕಾರರಲ್ಲಿ ಪ್ರಚಲಿತವಾಗಿದೆ. ಅಭಿಪ್ರಾಯ ಸಾಧುವಾದುದೇ. ಆದರೆ ಅದರ ಹಿಂದಿರುವ ಗ್ರಹಿಕೆಯೊಂದನ್ನು ಪ್ರಶ್ನಿಸಬೇಕಾಗಿದೆ. ಜ್ಞಾನವೆಲ್ಲ ವಿಜ್ಞಾನಿಯಲ್ಲಿದೆ, ಹಾಡು ಅದನ್ನು ಹೊತ್ತು ಸಾಗಿಸುವ ಬಂಡಿ ಮಾತ್ರ ಎಂಬುದೇ ಆ ಗ್ರಹಿಕೆ. ನಿರ್ಣಾ, ಚಿಟಗುಪ್ಪ, ಹುಮನಾಬಾದ್, ಬಸವಕಲ್ಯಾಣಗಳ ಸೀಮೆಯನ್ನು ಮುಂದಿಟ್ಟುಕೊಂಡು ನೋಡಿದರೆ ಈ ಗ್ರಹಿಕೆ ನಿಲ್ಲುವುದಿಲ್ಲ. ಇಲ್ಲಿಯ ಹಾಡು, ಐತಿಹ್ಯ, ಆಚರಣೆ ಮತ್ತು ಆಡುಮಾತುಗಳಲ್ಲಿ ನೆಲವನ್ನು ಕುರಿತ ಸೂಕ್ಷ್ಮವಾದ ಅವಲೋಕನ ಮೊದಲೇ ಇದೆ. ಅದನ್ನು ಗುರುತಿಸಿ ನೆಲದೊಡನೆ ಮತ್ತೆ ಕೂಡಿಸುವುದು ಕನ್ನಡ ವಿಭಾಗಗಳ ಕೆಲಸ. ಹೊಸ ಪದ್ಯ ರಚನೆ ಅದರ ನಂತರದ್ದು.

೨

ಮೊದಲಿಗೆ ಈ ಸೀಮೆಯ ನೆಲದ ಸ್ವರೂಪವನ್ನು ಸಂಗ್ರಹವಾಗಿ ನೋಡಬಹುದು. ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ಭೂಮಿಯ ಬಿರುಕುಗಳಿಂದ ಉಕ್ಕಿದ ಲಾವಾ ಪದರ ಪದರವಾಗಿ ಹರಡಿ ಹೆಪ್ಪುಗಟ್ಟಿ ದಖನ್ ಬಸಾಲ್ಟ್ ಎನಿಸಿತು. ಇಂದು ಉಳಿದಿರುವ ಅದರ ಹರವು ಸುಮಾರು ಐದು ಲಕ್ಷ ಚದರ ಕಿಲೋಮೀಟರು. ಬೀದರ್ ಜಿಲ್ಲೆ ಇದರ ದಕ್ಷಿಣದ ಅಂಚಿಗೆ ಸಮೀಪದಲ್ಲಿದೆ. ಇನ್ನೂ ದಕ್ಷಿಣಕ್ಕೆ ಕಲಬುರಗಿ ಜಿಲ್ಲೆಯ ಸೇಡಂ, ಶಹಾಬಾದ್‌ಗಳ ಕಡೆ ಹೋದರೆ ಕರಿಗಲ್ಲು ಮುಗಿದು ಸುಣ್ಣಶಿಲೆ ಕಾಣಿಸಿಕೊಳ್ಳುತ್ತದೆ. ಬಸಾಲ್ಟು ಬಿಸಿಲು ಮಳೆಗಳಿಗೆ ದೀರ್ಘಕಾಲ ಒಡ್ಡಿಕೊಂಡಾಗ ಅದರಲ್ಲಿದ್ದ ಸಿಲಿಕ ತೊಳೆದುಹೋಗಿ ಕಬ್ಬಿಣ ಮತ್ತು ಅಲ್ಯೂಮಿನಿಯಂ ಅಂಶಗಳು ಉಳಿದು, ರಂಧ್ರಮಯವಾದ ಕೆಂಪು ಜಂಬುಶಿಲೆಯಾಗುತ್ತದೆ. ಅದೇ ಬಸಾಲ್ಟು ಬೇರೆ ಸನ್ನಿವೇಶದಲ್ಲಿ ಶಿಥಿಲಗೊಂಡಾಗ ಜೇಡಿಯ ಅಂಶ ಹೆಚ್ಚಾಗಿರುವ ಕಪ್ಪು ಎರೆಮಣ್ಣಾಗುತ್ತದೆ. ಹೊರನೋಟಕ್ಕೆ ಪರಸ್ಪರ ವಿರುದ್ಧವಾಗಿ ಕಾಣುವ ಎತ್ತರದ ಕೆಂಪು ನೆಲ, ತಗ್ಗಿನ ಕಪ್ಪು ನೆಲ ಎರಡೂ ಇಲ್ಲಿ ಒಂದೇ ತಾಯಿಶಿಲೆಯಿಂದ ಬಂದವು.

ನೀರಿನ ದೃಷ್ಟಿಯಿಂದಲೂ ಈ ಸೀಮೆ ವಿಶಿಷ್ಟವಾದುದು. ಬಸವಕಲ್ಯಾಣ ತಾಲೂಕಿನಲ್ಲಿ ಹುಟ್ಟುವ ಮುಲ್ಲಾಮಾರಿ ಕಾಗಿಣೆಯನ್ನು ಕೂಡಿ ಭೀಮೆಯ ಮೂಲಕ ಕೃಷ್ಣೆಯನ್ನು ಸೇರುತ್ತದೆ. ಇದೇ ಎತ್ತರದ ಉತ್ತರ ಮಗ್ಗುಲಿನ ನೀರು ಚುಳಕಿ ನಾಲಾ, ಕಾರಂಜಾಗಳ ಮೂಲಕ ಮಾಂಜ್ರಾವನ್ನು ಕೂಡಿ ಗೋದಾವರಿಗೆ ಹೋಗುತ್ತದೆ. ಒಂದೇ ಮಳೆಯ ಹನಿಗಳು ಒಂದು ದಿಣ್ಣೆಯ ಈಚೆ ಬಿದ್ದರೆ ಕೃಷ್ಣೆಗೆ, ಆಚೆ ಬಿದ್ದರೆ ಗೋದಾವರಿಗೆ. ಉಪಲಬ್ಧ ಕನ್ನಡ ಕೃತಿಗಳಲ್ಲಿ ಮೊದಲನೆಯದಾದ ‘ಕವಿರಾಜಮಾರ್ಗ’ ಕನ್ನಡ ನಾಡಿನ ಮೇರೆಯನ್ನು ಎರಡು ನದಿಗಳಿಂದ ಗುರುತಿಸಿದ್ದು ಎಲ್ಲರಿಗೂ ತಿಳಿದ ಸಂಗತಿ. ಆ ಮಾತನ್ನು ರಾಜಕೀಯ ಗಡಿಯಾಗಿ, ಭಾಷಿಕ ಅಸ್ಮಿತೆಯಾಗಿ ಬಗೆಬಗೆಯಲ್ಲಿ ವ್ಯಾಖ್ಯಾನಿಸಲಾಗಿದೆ. ಮಳೆನೀರು ಕಾಗಿಣೆಯ ದಂಡೆಯ ಮಳಖೇಡದ ಕಡೆಗೂ ಗೋದಾವರಿಯ ಕಡೆಗೂ ಕವಲೊಡೆಯುವ ಈ ದಿಣ್ಣೆಯ ಮೇಲೆ ನಿಂತು ಅದನ್ನು ಓದಿದರೆ, ನಾಡೆಂಬ ಕಲ್ಪನೆಯ ಹಿಂದೆ ನೀರಿನ ಹರಿವಿನ ಅರಿವೂ ಇತ್ತೆಂದು ಭಾವಿಸಲು ಅವಕಾಶವಾಗುತ್ತದೆ.

ಇನ್ನು ಪರಿಭಾಷೆಯ ವಿಚಾರ. ಭೂವಿಜ್ಞಾನದ ಶಬ್ದಗಳು ಕನ್ನಡಕ್ಕೆ ಹೊರಗಿನವು, ಆದುದರಿಂದ ಅವುಗಳನ್ನು ಸರಳಗೊಳಿಸಿ ಜನರಿಗೆ ಹೇಳಬೇಕು ಎಂಬ ಮಾತು ಆಗಾಗ ಕೇಳಿಬರುತ್ತದೆ. ಇತಿಹಾಸ ಬೇರೊಂದನ್ನು ಹೇಳುತ್ತದೆ. ಫ್ರಾನ್ಸಿಸ್ ಬುಕನನ್ ೧೮೦೭ರಲ್ಲಿ ಪ್ರಕಟವಾದ ತನ್ನ ಪ್ರವಾಸ ಕಥನದಲ್ಲಿ ಮಲಬಾರಿನ ಜನ ಮೆತ್ತನೆಯ ಕೆಂಪು ಕಲ್ಲನ್ನು ಇಟ್ಟಿಗೆಯಾಕಾರಕ್ಕೆ ಕತ್ತರಿಸುವುದನ್ನೂ, ಹಾಗೆ ಕತ್ತರಿಸಿದ ಕಲ್ಲು ಗಾಳಿಗೆ ಗಟ್ಟಿಯಾಗುವುದನ್ನೂ ವರ್ಣಿಸಿ, ದೇಶಭಾಷೆಗಳಲ್ಲಿ ಅದಕ್ಕೆ ‘ಇಟ್ಟಿಗೆ ಕಲ್ಲು’ ಎಂಬ ಹೆಸರಿರುವುದನ್ನು ದಾಖಲಿಸಿದ್ದಾನೆ. ಲ್ಯಾಟಿನ್ ಭಾಷೆಯಲ್ಲಿ ಇಟ್ಟಿಗೆಗಿರುವ ‘ಲೇಟರ್’ ಎಂಬ ಶಬ್ದದಿಂದ ಅವನು ‘ಲ್ಯಾಟರೈಟ್’ ಎಂಬ ಪದವನ್ನು ಕಟ್ಟಿದ. ಇಂದು ಜಗತ್ತಿನ ಎಲ್ಲ ಭೂವಿಜ್ಞಾನ ಗ್ರಂಥಗಳಲ್ಲಿ ಸಲ್ಲುವ ಈ ಪಾರಿಭಾಷಿಕದಲ್ಲಿ ದಕ್ಷಿಣ ಭಾರತದ ಕಲ್ಲುಕುಟಿಗರ ಮಾತೇ ಲ್ಯಾಟಿನ್ ವೇಷದಲ್ಲಿದೆ. ಎರೆಭೂಮಿಗೆ ಹಳೆಯ ಭೂವಿಜ್ಞಾನ ಬರಹಗಳು ಬಳಸಿದ ‘ರೇಗರ್’ ತೆಲುಗಿನ ‘ರೇಗಡ’ದಿಂದ ಬಂದುದು. ‘ಕಂಕರ’, ‘ಮುರುಮ್’ ಎಂಬುವೂ ಇಲ್ಲಿಯ ಆಡುಮಾತಿನಿಂದ ಹೋಗಿ ಶಾಸ್ತ್ರದಲ್ಲಿ ನೆಲೆಗೊಂಡವು. ಅಂದಮೇಲೆ ಎರೆ, ಮಸಾರಿ, ಮಡ್ಡಿ, ಗರಸು ಎಂದು ನೆಲವನ್ನು ಬಗೆಮಾಡಿ ಹೇಳುವ ಒಕ್ಕಲಿಗನ ಮುಂದೆ ವಿಜ್ಞಾನ ಅಪರಿಚಿತನಂತೆ ನಿಲ್ಲಬೇಕಾದ ಕಾರಣವಿಲ್ಲ.

೩

ಹಾಡು ಮತ್ತು ಕಲ್ಲಿನ ಸಂಬಂಧ ಈ ಪ್ರದೇಶದಲ್ಲಿ ಎಷ್ಟು ನಿಕಟವಾದುದೆಂಬುದಕ್ಕೆ ಬೀಸುವ ಪದಗಳಿಗಿಂತ ಬೇರೆ ಸಾಕ್ಷ್ಯ ಬೇಡ. ಬೀಸುಕಲ್ಲಿಗೆ ಬೇಕಾದುದು ಗಟ್ಟಿಯಾದ, ಬೇಗನೆ ಸವೆಯದ, ಪುಡಿಯಾಗಿ ಹಿಟ್ಟಿನಲ್ಲಿ ಬೆರೆಯದ ಕಲ್ಲು. ರಂಧ್ರಮಯವಾಗಿ ಉದುರುವ ಜಂಬುಶಿಲೆ ಇದಕ್ಕೆ ಒಗ್ಗದು, ಬಸಾಲ್ಟು ಒಗ್ಗುತ್ತದೆ. ಸವೆದು ನುಣುಪಾದ ಕಲ್ಲನ್ನು ಉಳಿಯಿಂದ ಕಟೆದು ಮತ್ತೆ ಒರಟು ಮಾಡಿಕೊಡುವ ಕಸುಬಿನವರು ಊರೂರಿಗೆ ಬರುತ್ತಿದ್ದರು. ಕಲ್ಲು ಸುತ್ತುವ ವೇಗ, ಅದರ ಭಾರ, ಗೂಟ ಹಿಡಿದ ಕೈಯ ದಣಿವು, ಜೊತೆಗೂಡಿ ಬೀಸುವವಳ ಉಸಿರು ಇವೆಲ್ಲ ತ್ರಿಪದಿಯ ಹಾಡುವಿಕೆಯಲ್ಲಿ ಕೂಡಿಕೊಂಡಿವೆ. ಬೀಸುವ ಕಲ್ಲನ್ನೇ ತಾಯಿಯೆಂದು ಕರೆದು ಹಾಡನ್ನು ಆರಂಭಿಸುವ ಸಂಪ್ರದಾಯ ಉತ್ತರ ಕರ್ನಾಟಕದ ಹೆಣ್ಣುಮಕ್ಕಳಲ್ಲಿತ್ತು. ಇಲ್ಲಿ ಕಲ್ಲು ಕೇವಲ ಉಪಮಾನವಲ್ಲ. ಹಾಡಿನ ಲಯವನ್ನು ನಿಯಂತ್ರಿಸುವ ವಾದ್ಯವೂ ಹೌದು, ಹಾಡನ್ನು ಕೇಳುವ ಗೆಳತಿಯೂ ಹೌದು.

ಕೆಲಸದೊಡನೆ ಕೂಡಿದ ಹಾಡನ್ನು ಗಂಭೀರವಾಗಿ ಗಮನಿಸಿದ ಪ್ರಾಚೀನ ಗ್ರಂಥವೊಂದು ಇದೇ ಕಲ್ಯಾಣದಲ್ಲಿ ರಚಿತವಾಯಿತೆಂಬುದು ಸ್ಮರಣೀಯ. ಮೂರನೆಯ ಸೋಮೇಶ್ವರ (೧೧೨೭-೧೧೩೮) ತನ್ನ ಸಂಸ್ಕೃತ ‘ಮಾನಸೋಲ್ಲಾಸ’ದ ಸಂಗೀತಕ್ಕೆ ಸಂಬಂಧಿಸಿದ ಭಾಗದಲ್ಲಿ ಮಹಾರಾಷ್ಟ್ರದ ಹೆಂಗಸರು ಧಾನ್ಯ ಕುಟ್ಟುವಾಗ ಓವಿಯನ್ನು ಹಾಡುವುದನ್ನು ಉಲ್ಲೇಖಿಸಿದ್ದಾನೆ. ಅರಸೊತ್ತಿಗೆಯ ಗ್ರಂಥವೊಂದು ಹಾಡಿನ ಹೆಸರನ್ನು ಹೇಳುವಾಗ ಹಾಡುವವರು ಯಾರು, ಯಾವ ನಾಡಿನವರು, ಯಾವ ಕೆಲಸದಲ್ಲಿ ತೊಡಗಿದ್ದಾರೆ ಎಂಬುದನ್ನೂ ಒಟ್ಟಿಗೆ ಹೇಳಿತು. ಜನಪದ ಸಂಗ್ರಹದ ಒಂದು ಮೂಲಸೂತ್ರವೇ ಅಲ್ಲಿ ಅಡಗಿದೆ.

ಆಧುನಿಕ ಕಾಲದ ಸಂಗ್ರಹಕಾರ್ಯ ಈ ಸೂತ್ರವನ್ನು ಎಷ್ಟರಮಟ್ಟಿಗೆ ಪಾಲಿಸಿದೆ? ಹಲಸಂಗಿ ಗೆಳೆಯರ ‘ಗರತಿಯ ಹಾಡು’ ೧೯೩೧ರಲ್ಲಿ ಪ್ರಕಟವಾದಾಗ ಕನ್ನಡ ಕಾವ್ಯವಿವೇಕಕ್ಕೆ ಹೊಸ ಬಾಗಿಲು ತೆರೆಯಿತು. ಅದರ ಉಪಕಾರವನ್ನು ಎಷ್ಟು ಸ್ಮರಿಸಿದರೂ ಸಾಲದು. ಆದರೆ ಮುಂದಿನ ದಶಕಗಳಲ್ಲಿ ಬಂದ ಬಹುಪಾಲು ಸಂಕಲನಗಳು ತವರು, ತಾಯಿ, ಅಣ್ಣ, ಗಂಡ, ದೈವ ಎಂಬ ವಸ್ತುವಿಂಗಡಣೆಯನ್ನೇ ಮುಖ್ಯವಾಗಿ ಅನುಸರಿಸಿದವು. ಹಾಡು ಪುಟಕ್ಕೆ ಬಂದಿತು; ಹಾಡಿದಾಕೆ ಕುಳಿತಿದ್ದ ನೆಲ ಪುಟದಿಂದ ಹೊರಗುಳಿಯಿತು. ಊರಿನ ಹೆಸರು ಅಡಿಟಿಪ್ಪಣಿಯಲ್ಲಿ ಉಳಿದರೂ ಆಕೆಯ ಹೊಲ ಎರೆಯೋ ಮಡ್ಡಿಯೋ, ಕಲ್ಲು ಯಾವ ಹಳ್ಳದ್ದು, ನೀರು ಸೇದುವ ಬಾವಿ ಕೆಂಪು ಕಲ್ಲಿನಲ್ಲಿ ತೋಡಿದ್ದೋ ಕರಿಗಲ್ಲಿನಲ್ಲಿ ತೋಡಿದ್ದೋ ಎಂಬ ವಿವರಗಳು ದಾಖಲಾಗಲಿಲ್ಲ. ಇದರ ಪರಿಣಾಮವೆಂದರೆ, ತವರಿನ ಹೊಲದ ಕರಿಮಣ್ಣನ್ನು ನೆನೆಯುವ ಹೆಣ್ಣು ಯಾವ ನೆಲದಿಂದ ಯಾವ ನೆಲಕ್ಕೆ ಬಂದವಳೆಂಬುದು ಓದುಗನಿಗೆ ತಿಳಿಯುವುದಿಲ್ಲ. ಹಿಂಗಾರು ಜೋಳ ಬೆಳೆಯುವ ಎರೆಯ ಊರಿನಲ್ಲಿ ಹುಟ್ಟಿ ನೀರು ನಿಲ್ಲದ ಕೆಂಪು ಮಡ್ಡಿಯ ಊರಿಗೆ ಸೊಸೆಯಾಗಿ ಬಂದವಳ ಪಾಡು ಕೇವಲ ಭಾವನೆಯದಲ್ಲ, ಮಣ್ಣಿನದೂ ಹೌದು. ಆ ಮಣ್ಣನ್ನು ಬಿಟ್ಟು ಓದಿದ ಹಾಡು ಅರ್ಧ ಓದಿದ ಹಾಡು.

ಎಳ್ಳಮಾವಾಸ್ಯೆಯ ಉದಾಹರಣೆಯೂ ಇಲ್ಲಿ ಪ್ರಸ್ತುತ. ಬೀದರ್, ಕಲಬುರಗಿ ಭಾಗಗಳಲ್ಲಿ ಈ ದಿನ ಊರಿಗೆ ಊರೇ ಹೊಲಕ್ಕೆ ಹೋಗಿ, ನೆಲವನ್ನು ಪೂಜಿಸಿ, ಚರಗ ಚೆಲ್ಲಿ, ಸಹಭೋಜನ ಮಾಡುತ್ತದೆ. ಮಳೆ ನಿಂತು ತಿಂಗಳುಗಳಾದ ಮೇಲೂ ಹೊಲದಲ್ಲಿ ಜೋಳ, ಕಡಲೆಗಳು ನಿಂತಿರುವುದು ಎರೆಮಣ್ಣಿನ ಜೇಡಿ ತನ್ನೊಳಗೆ ಹಿಡಿದಿಟ್ಟುಕೊಂಡ ತೇವದಿಂದ. ಬಸಾಲ್ಟಿನ ಶಿಥಿಲೀಕರಣದಿಂದ ದೊರೆತ ಈ ಗುಣವೇ ಹಬ್ಬದ ಆಧಾರ. ಆ ದಿನದ ಹಾಡು ಮತ್ತು ಕೂಗುಗಳನ್ನು ಫಲವಂತಿಕೆಯ ಆಚರಣೆ ಎಂಬ ಸಾಮಾನ್ಯ ಶೀರ್ಷಿಕೆಯಡಿ ಇರಿಸುವುದರಿಂದ ಜಗತ್ತಿನ ಎಲ್ಲ ಸುಗ್ಗಿಹಬ್ಬಗಳೊಡನೆ ಹೋಲಿಕೆ ಸಾಧ್ಯವಾಗುತ್ತದೆ. ಇದು ಈ ನೆಲದಲ್ಲಿಯೇ, ಈ ಕಾಲದಲ್ಲಿಯೇ ಏಕೆ ಎಂಬುದು ಮಾತ್ರ ಉತ್ತರವಿಲ್ಲದೆ ಉಳಿಯುತ್ತದೆ.

೪

ಚಿಲುಮೆಗಳ ಐತಿಹ್ಯಗಳು ಮತ್ತೊಂದು ಬಗೆಯ ಸಾಕ್ಷ್ಯವನ್ನು ಒದಗಿಸುತ್ತವೆ. ಬೀದರಿನ ನಾನಕ್ ಝೀರಾದಲ್ಲಿ ಗುರು ನಾನಕರ ಪಾದಸ್ಪರ್ಶದಿಂದ ಕಲ್ಲಿನೊಳಗಿನ ಸಿಹಿನೀರು ಹೊರಹೊಮ್ಮಿತೆಂಬ ನಂಬಿಕೆಯಿದೆ. ನಗರದ ಹೊರವಲಯದ ಝರಣಿ ನರಸಿಂಹ ಕ್ಷೇತ್ರದಲ್ಲಿ ಭಕ್ತರು ಗವಿಯೊಳಗಿನ ನೀರಿನಲ್ಲಿ ನಡೆದು ದೇವರ ಬಳಿ ಸಾರುತ್ತಾರೆ. ಭೂವಿಜ್ಞಾನ ಹೇಳುವುದು ಇಷ್ಟು: ರಂಧ್ರಮಯವಾದ ಜಂಬುಶಿಲೆ ಮಳೆನೀರನ್ನು ಒಳಗೆ ಬಿಟ್ಟುಕೊಳ್ಳುತ್ತದೆ, ಅದರ ಕೆಳಗಿರುವ ಜೇಡಿಯ ಪದರ ಮತ್ತು ಬಸಾಲ್ಟು ನೀರನ್ನು ಸುಲಭವಾಗಿ ಕೆಳಕ್ಕೆ ಬಿಡುವುದಿಲ್ಲ, ತಡೆದು ನಿಂತ ನೀರು ಪ್ರಸ್ಥಭೂಮಿಯ ಅಂಚಿನಲ್ಲಿ ಝರಿಯಾಗಿ ಹೊರಬರುತ್ತದೆ. ಬಹಮನಿ ಕಾಲದಲ್ಲಿ ಬೀದರಿನ ಪರಿಸರದಲ್ಲಿ ತೋಡಿದ ಕರೇಜ್ ಎಂಬ ಸುರಂಗ ಜಲಮಾರ್ಗ ಇದೇ ಅರಿವಿನ ಮೇಲೆ ನಿಂತಿದೆ. ಇಂತಹ ರಚನೆಗಳನ್ನೊಳಗೊಂಡ ದಖನ್ನಿನ ಐತಿಹಾಸಿಕ ಜಲವ್ಯವಸ್ಥೆಗಳು ೨೦೨೦ರ ವಿಶ್ವ ಸ್ಮಾರಕ ನಿಧಿಯ ಕಾವಲುಪಟ್ಟಿಯಲ್ಲಿ ಸ್ಥಾನ ಪಡೆದಿದ್ದವು.

ಐತಿಹ್ಯವನ್ನು ವಿಜ್ಞಾನವೆಂದು ಸಾಧಿಸುವುದಾಗಲಿ, ವಿಜ್ಞಾನದಿಂದ ಐತಿಹ್ಯವನ್ನು ಸುಳ್ಳೆಂದು ತಳ್ಳುವುದಾಗಲಿ ಇಲ್ಲಿ ಉದ್ದೇಶವಲ್ಲ. ಅವೆರಡೂ ಒಂದೇ ಸಂಗತಿಯನ್ನು ಕಂಡಿವೆ ಎಂಬುದಷ್ಟೇ ಮುಖ್ಯ. ಎತ್ತರದ ಒಣಕಲ್ಲಿನ ಬುಡದಲ್ಲಿ ಸಿಹಿನೀರಿದೆ ಎಂಬುದು ಆ ಸಂಗತಿ. ವಿಜ್ಞಾನ ಅದರ ಕಾರಣವನ್ನು ಹೇಳುತ್ತದೆ. ಐತಿಹ್ಯ ಅದು ಅಮೂಲ್ಯವೆಂಬುದನ್ನೂ ಕಾಪಾಡಬೇಕಾದುದೆಂಬುದನ್ನೂ ಹೇಳುತ್ತದೆ. ಕಾರಣ ತಿಳಿದವನು ಝರಿಯನ್ನು ಉಳಿಸಿಯೇ ತೀರುತ್ತಾನೆಂಬ ಭರವಸೆಯಿಲ್ಲ. ಪವಿತ್ರವೆಂದು ನಂಬಿದವನೂ ಮೇಲಿನ ಜಂಬುಶಿಲೆಯನ್ನು ಅಗೆದರೆ ಕೆಳಗಿನ ಝರಿ ಬತ್ತಬಹುದೆಂಬುದನ್ನು ಅರಿತಿರಲಾರ. ಎರಡೂ ಮಾತುಗಳು ಒಂದೇ ಸ್ಥಳದಲ್ಲಿ, ಒಂದೇ ಜನರ ಎದುರಿನಲ್ಲಿ ಕೇಳಿಸಬೇಕಾದುದು ಈ ಕಾರಣದಿಂದ.

ಶಿಷ್ಟ ಮತ್ತು ಭಕ್ತಿ ಸಾಹಿತ್ಯದ ಕಡೆಗೆ ತಿರುಗಿದರೆ, ಬಸವಕಲ್ಯಾಣದ ನೆಲದಲ್ಲಿ ಶರಣರ ಹೆಸರಿನಿಂದ ಗುರುತಿಸುವ ಗವಿಗಳಿವೆ. ಅಕ್ಕಮಹಾದೇವಿಯ ಪ್ರಸಿದ್ಧ ವಚನವೊಂದು ನೆಲದಲ್ಲಿ ಮರೆಯಾದ ನಿಧಿಯನ್ನೂ ಶಿಲೆಯಲ್ಲಿ ಮರೆಯಾದ ಹೊನ್ನನ್ನೂ ದೈವದ ಇರವಿಗೆ ಹೋಲಿಸುತ್ತದೆ. ಇದನ್ನು ಗಣಿವಿಜ್ಞಾನವೆಂದು ಕರೆಯುವುದು ಹಾಸ್ಯಾಸ್ಪದ. ಆದರೆ ಹೊರಗೆ ಕಾಣದ ವಸ್ತು ಕಲ್ಲಿನೊಳಗಿದೆ ಎಂಬ ಲೋಕಾನುಭವ ಕೇಳುಗರಲ್ಲಿ ಇಲ್ಲದಿದ್ದರೆ ಆ ಹೋಲಿಕೆ ಸಂವಹನಗೊಳ್ಳುತ್ತಲೇ ಇರಲಿಲ್ಲ. ಹುಮನಾಬಾದಿಗೆ ಹೊಂದಿಕೊಂಡ ಮಾಣಿಕನಗರದಲ್ಲಿ ನೆಲೆಸಿದ್ದ ಮಾಣಿಕಪ್ರಭುಗಳು (೧೮೧೭-೧೮೬೫) ಕನ್ನಡ, ಮರಾಠಿ, ಹಿಂದುಸ್ತಾನಿ ಮೊದಲಾದ ಭಾಷೆಗಳಲ್ಲಿ ಪದಗಳನ್ನು ರಚಿಸಿದರು. ಅವರ ಸಂಸ್ಥಾನ ಹಳ್ಳಗಳ ಸಂಗಮದಲ್ಲಿದೆ, ಸಂಗೀತಗಾರರು ಸೇವೆ ಸಲ್ಲಿಸುವ ಪರಂಪರೆ ಅಲ್ಲಿ ಬೆಳೆದುಬಂದಿದೆ. ಹಲವು ಭಾಷೆಗಳು ಕೂಡುವ ಈ ಸೀಮೆಯಲ್ಲಿ ನೆಲದ ಶಬ್ದಗಳೂ ಹಲವು ಭಾಷೆಗಳವು: ಝರಾ, ಬಾವಡಿ, ನಾಲಾ, ಹಳ್ಳ, ಮಡ್ಡಿ ಎಲ್ಲವೂ ಒಂದೇ ನಾಲಿಗೆಯ ಮೇಲಿವೆ. ಇವುಗಳಲ್ಲಿ ಕನ್ನಡದವನ್ನು ಮಾತ್ರ ಆರಿಸಿ ಉಳಿದುದನ್ನು ಬಿಡುವ ಸಂಗ್ರಹ ಈ ನೆಲಕ್ಕೆ ನ್ಯಾಯ ಒದಗಿಸಲಾರದು.

ಸ್ಥಳನಾಮಗಳ ವಿಚಾರದಲ್ಲಿ ಒಂದು ಎಚ್ಚರ ಅಗತ್ಯ. ‘ನಿರ್ಣಾ’ ಎಂಬ ಹೆಸರನ್ನು ಕೇಳಿದೊಡನೆ ‘ನೀರು’ ಎಂಬ ಶಬ್ದ ನೆನಪಿಗೆ ಬರುವುದು ಸಹಜ. ಧ್ವನಿಸಾಮ್ಯವನ್ನು ನೆಚ್ಚಿ ಊರಿನ ಜಲಚರಿತ್ರೆಯನ್ನೇ ಕಟ್ಟುವ ಆಮಿಷವೂ ಸಹಜ. ಶಾಸನದ ರೂಪ, ಹಳೆಯ ಕಂದಾಯ ದಾಖಲೆ, ನೆರೆಯ ಊರುಗಳ ಹೆಸರು ಮತ್ತು ಸ್ಥಳದ ಭೂರಚನೆ ಇವುಗಳ ಬೆಂಬಲವಿಲ್ಲದೆ ಇಂತಹ ನಿಷ್ಪತ್ತಿ ಹೇಳುವುದರಿಂದ ಭೂವಿಜ್ಞಾನಕ್ಕೂ ಭಾಷಾವಿಜ್ಞಾನಕ್ಕೂ ಹಾನಿ. ಕಾವ್ಯದ ಮೂಲಕ ನೆಲವನ್ನು ಹೇಳುವ ಉತ್ಸಾಹದಲ್ಲಿ ಸಂಶೋಧನೆಯ ಶಿಸ್ತು ಸಡಿಲಗೊಳ್ಳಬಾರದು.

೫

ಹಾಗಾದರೆ ಹೊಸ ರಚನೆಗಳಿಗೆ ಸ್ಥಾನವಿಲ್ಲವ�ೆ? ಇದೆ, ಆದರೆ ಯಾವ ಬಗೆಯ ರಚನೆ ಎಂಬುದು ವಿಚಾರಾರ್ಹ. ೧೯೯೦ರ ಭಾರತ ಜ್ಞಾನ ವಿಜ್ಞಾನ ಜಾಥಾ ಮತ್ತು ಅದರ ಬೆನ್ನಿಗೆ ಬಂದ ಸಾಕ್ಷರತಾ ಆಂದೋಲನಗಳು ಹಾಡಿನ ಬಲದಿಂದ ಹಳ್ಳಿಗಳನ್ನು ತಲುಪಿದ್ದನ್ನು ಯಾರೂ ಅಲ್ಲಗಳೆಯಲಾರರು. ಪ್ರಚಾರಗೀತೆಯ ಶಕ್ತಿ ಅದರ ವೇಗದಲ್ಲಿದೆ. ಅದರ ಮಿತಿಯೂ ಸ್ಪಷ್ಟ: ಸಂದೇಶ ಮೊದಲು, ಧಾಟಿ ನಂತರ ಎಂಬ ಕ್ರಮದಲ್ಲಿ ಹುಟ್ಟಿದ ಹಾಡು ಆಂದೋಲನ ಮುಗಿದೊಡನೆ ಸಾಮಾನ್ಯವಾಗಿ ಮರೆಯಾಗುತ್ತದೆ. ಪರಿಚಿತ ಜನಪದ ಧಾಟಿಗೆ ಬಸಾಲ್ಟು, ಜಂಬುಶಿಲೆ, ಕೋಟಿ ವರ್ಷ ಎಂಬ ಪದಗಳನ್ನು ತುಂಬಿದರೆ ಅದು ಕಂಠಪಾಠಕ್ಕೆ ನೆರವಾಗಬಹುದು; ನೆಲದ ಮೇಲಿನ ಅಕ್ಕರೆಯನ್ನು ಹುಟ್ಟಿಸಲಾರದು.

ಇದಕ್ಕೆ ಪ್ರತಿಯಾಗಿ ಸ್ಕಾಟ್ಲೆಂಡಿನ ಕವಿ ಹ್ಯೂ ಮ್ಯಾಕ್‌ಡಯರ್ಮಿಡ್ ೧೯೩೪ರ ತನ್ನ ಸಂಕಲನದಲ್ಲಿ ಕಡಲತಡಿಯ ಕಲ್ಲುಗಳನ್ನೇ ವಸ್ತುವಾಗಿಸಿಕೊಂಡು ಬರೆದ ನೀಳ್ಗವಿತೆಯನ್ನು ಗಮನಿಸಬಹುದು. ಆ ಕವಿತೆ ಶಿಲಾಶಾಸ್ತ್ರದ ಕಠಿಣ ಶಬ್ದಗಳನ್ನು ಸರಳಗೊಳಿಸುವುದಿಲ್ಲ. ಕಲ್ಲಿನ ಕಾಠಿಣ್ಯವನ್ನು ಶಬ್ದದ ಕಾಠಿಣ್ಯವಾಗಿಯೇ ಓದುಗನ ಮುಂದಿಡುತ್ತದೆ. ಕಲ್ಲಿನ ಕಾಲಮಾನದ ಎದುರು ಮನುಷ್ಯನ ಕಾಲಮಾನ ಎಷ್ಟರದು ಎಂಬುದು ಅಲ್ಲಿ ಮಾಹಿತಿಯಾಗಿ ಬರುವುದಿಲ್ಲ, ಅನುಭವವಾಗಿ ಬರುತ್ತದೆ. ಕನ್ನಡ ನವೋದಯ ಕಾವ್ಯದಲ್ಲಿ ಸಹ್ಯಾದ್ರಿಗೆ ಅಂತಹ ಅನುಭವದ ಘನತೆ ದೊರೆತಿದೆ. ದಖನ್ನಿನ ಕರಿಗಲ್ಲಿಗೆ, ಬೀದರಿನ ಕೆಂಪು ಹೊದಿಕೆಗೆ ಅಷ್ಟರಮಟ್ಟಿನ ಕಾವ್ಯಗೌರವ ದೊರೆಯಲಿಲ್ಲ. ಹಸಿರಿರುವಲ್ಲಿ ನಿಸರ್ಗವಿದೆ, ಬಯಲಿನಲ್ಲಿ ಬಡತನವಿದೆ ಎಂಬ ಅಭ್ಯಾಸದ ಓದು ಇದಕ್ಕೆ ಒಂದು ಕಾರಣವಾಗಿರಬಹುದು.

ಕಲ್ಲು ಮತ್ತು ನಾದಗಳ ಸಂಬಂಧಕ್ಕೆ ಕರ್ನಾಟಕದಲ್ಲಿಯೇ ದೊರೆಯುವ ಅತ್ಯಂತ ಪ್ರಾಚೀನ ಸಾಕ್ಷ್ಯ ಬಳ್ಳಾರಿ ಸಮೀಪದ ಸಂಗನಕಲ್ಲು-ಕುಪ್ಪಗಲ್ಲು ಬೆಟ್ಟಗಳಲ್ಲಿದೆ. ಅಲ್ಲಿಯ ಡಾಲರೈಟ್ ಬಂಡೆಗಳ ಮೇಲೆ ನವಶಿಲಾಯುಗದ ಕಾಲದಿಂದ ಮೂಡಿಸಿದ ಚಿತ್ರಗಳಿವೆ. ಅವುಗಳ ನಡುವಿನ ಕೆಲವು ಬಂಡೆಗಳು ಕುಟ್ಟಿದರೆ ಗಂಟೆಯಂತೆ ನಾದಗೈಯುತ್ತವೆ, ಹಾಗೆ ಕುಟ್ಟಿದ ಕುಳಿಗಳೂ ಉಳಿದಿವೆ. ೨೦೦೪ರಲ್ಲಿ ಪ್ರಕಟವಾದ ಪುರಾತತ್ವ ಅಧ್ಯಯನವೊಂದು ಈ ನಾದಶಿಲೆಗಳ ಮಹತ್ವವನ್ನೂ ಕಲ್ಲುಗಣಿಗಾರಿಕೆಯಿಂದ ಅವುಗಳಿಗೆ ಒದಗಿದ ಅಪಾಯವನ್ನೂ ವಿದ್ವತ್‌ಲೋಕದ ಗಮನಕ್ಕೆ ತಂದಿತು. ಕಲ್ಲು ಒಡೆದರೆ ಚಿತ್ರದ ಪ್ರತಿ ಛಾಯಾಚಿತ್ರದಲ್ಲಿ ಉಳಿಯಬಹುದು, ನಾದ ಧ್ವನಿಮುದ್ರಣದಲ್ಲಿ ಉಳಿಯಬಹುದು; ಅವೆರಡನ್ನೂ ಒಟ್ಟಿಗೆ ಹಿಡಿದಿದ್ದ ಜಾಗ ಉಳಿಯುವುದಿಲ್ಲ. ಹಾಡಿನ ಸಂಗ್ರಹಕ್ಕೂ ಈ ಮಾತು ಅನ್ವಯಿಸುತ್ತದೆ. ಬೀಸುವ ಪದದ ಧ್ವನಿಮುದ್ರಣವಿದ್ದು ಬೀಸುಕಲ್ಲು ಹಿತ್ತಲಿನಲ್ಲಿ ಹೂತುಹೋದರೆ ಉಳಿದದ್ದು ಪರಂಪರೆಯ ಒಂದು ಪಾಲು ಮಾತ್ರ.

೬

ಈ ಹಿನ್ನೆಲೆಯಲ್ಲಿ ಕನ್ನಡ ವಿಭಾಗಗಳು ಕೈಗೊಳ್ಳಬಹುದಾದ ಕಾರ್ಯಗಳು ದುಬಾರಿಯಾದವೂ ಅಲ್ಲ, ಅಸಾಧ್ಯವಾದವೂ ಅಲ್ಲ. ಕ್ಷೇತ್ರಕಾರ್ಯದ ಪ್ರಶ್ನಾವಳಿಯಲ್ಲಿ ಹಾಡಿದವರ ಹೆಸರು, ವಯಸ್ಸು, ಜಾತಿ, ಕಸುಬುಗಳ ಜೊತೆಗೆ ನೆಲದ ವಿವರಗಳಿಗೂ ಜಾಗವಿರಬೇಕು: ಹೊಲದ ಮಣ್ಣಿನ ಬಗೆ ಮತ್ತು ಅದಕ್ಕೆ ಹಾಡಿದವರೇ ಬಳಸುವ ಹೆಸರು, ನೀರಿನ ಮೂಲ, ಮನೆಯ ಗೋಡೆಯ ಕಲ್ಲು, ಬೀಸುಕಲ್ಲು ಬಂದ ಊರು. ಹಿಂದೆಯೇ ಪ್ರಕಟವಾದ ಸಂಕಲನಗಳ ಹಾಡುಗಳನ್ನು ಅವು ದೊರೆತ ಊರುಗಳಿಗೆ ಮತ್ತೆ ಕೊಂಡೊಯ್ದು ಈ ವಿವರಗಳನ್ನು ಸೇರಿಸುವುದು ಸ್ನಾತಕೋತ್ತರ ವಿದ್ಯಾರ್ಥಿಗಳ ಕಿರುಪ್ರಬಂಧಕ್ಕೆ ಯೋಗ್ಯವಾದ ವಸ್ತು. ಭೂವಿಜ್ಞಾನ ವಿಭಾಗದ ಅಧ್ಯಾಪಕರೊಬ್ಬರು ಇಂತಹ ಕ್ಷೇತ್ರಕಾರ್ಯದಲ್ಲಿ ಜೊತೆಗಿದ್ದರೆ ಮಣ್ಣಿನ ಆಡುಹೆಸರಿಗೂ ಶಾಸ್ತ್ರದ ಹೆಸರಿಗೂ ಇರುವ ಸಂಬಂಧ ಸ್ಥಳದಲ್ಲಿಯೇ ನಿರ್ಣಯವಾದೀತು. ಟಿ. ಆರ್. ಅನಂತರಾಮು ಅವರಂತಹ ಭೂವಿಜ್ಞಾನಿಗಳು ಕನ್ನಡದಲ್ಲಿ ನೆಲದ ಕಥೆಯನ್ನು ಸಮರ್ಥವಾಗಿ ಬರೆದಿದ್ದಾರೆ. ಆ ಕಡೆಯಿಂದ ಸೇತುವೆ ಅರ್ಧ ಕಟ್ಟಿದೆ. ಈ ಕಡೆಯ ಅರ್ಧ ಬಾಕಿಯಿದೆ.

ಪ್ರಸ್ತುತಿಯ ವಿಧಾನಕ್ಕೆ ಹೊರಗಿನ ಮಾದರಿಯನ್ನು ಹುಡುಕಬೇಕಾಗಿಲ್ಲ. ಶ್ರಾವಣ ಮಾಸದಲ್ಲಿ ಉತ್ತರ ಕರ್ನಾಟಕದ ಮಠ, ಗುಡಿಗಳಲ್ಲಿ ನಡೆಯುವ ಪುರಾಣ ಪ್ರವಚನದಲ್ಲಿ ಪ್ರವಚನಕಾರರು ವಿವರಿಸುತ್ತಾರೆ, ಗವಾಯಿಗಳು ಹಾಡುತ್ತಾರೆ, ತಬಲಾ ಜೊತೆಗಿರುತ್ತದೆ. ಗದುಗಿನ ವೀರೇಶ್ವರ ಪುಣ್ಯಾಶ್ರಮದ ಗವಾಯಿಗಳು ಈ ಪರಂಪರೆಯನ್ನು ನಾಡಿನಾದ್ಯಂತ ಬೆಳೆಸಿದರು. ಇಲ್ಲಿ ಹಾಡು ತನ್ನ ಪಾಡಿಗೆ ಹಾಡಾಗಿಯೇ ಉಳಿಯುತ್ತದೆ. ವ್ಯಾಖ್ಯಾನ ಬೇರೆ ದನಿಯಲ್ಲಿ ಬರುತ್ತದೆ. ಕೇಳುಗರಿಗೆ ಯಾವುದು ಪದ, ಯಾವುದು ಅರ್ಥ ಎಂಬ ಗೊಂದಲವಿಲ್ಲ. ಝರಿಯ ಬಳಿ, ಕರೇಜಿನ ಬಾವಿಗಂಡಿಯ ಬಳಿ, ನಿರ್ಣಾದಂತಹ ಊರಿನ ಹೊಲದ ಬದುವಿನಲ್ಲಿ ಹಿರಿಯ ಹೆಣ್ಣುಮಗಳು ತನ್ನ ಹಾಡನ್ನು ತನ್ನ ಮಾತಿನಲ್ಲಿಯೇ ಹಾಡಲಿ. ಅನಂತರ ಭೂವಿಜ್ಞಾನಿ ಕಾಲಕೆಳಗಿನ ಕಲ್ಲನ್ನು ವಿವರಿಸಲಿ. ಕನ್ನಡದ ಅಧ್ಯಾಪಕರು ಹಾಡಿನ ಶಬ್ದವನ್ನೂ ಕಲ್ಲಿನ ಶಬ್ದವನ್ನೂ ಕೂಡಿಸಿ ತೋರಿಸಲಿ. ಹಾಡನ್ನು ತಿದ್ದುವ ಅಗತ್ಯವಿಲ್ಲ. ವಿಜ್ಞಾನವನ್ನು ತೆಳುಗೊಳಿಸುವ ಅಗತ್ಯವೂ ಇಲ್ಲ. ಇಂತಹ ಕೂಟಗಳಿಂದ ಮುಂದೆ ಹೊಸ ಕವಿತೆಗಳು ಹುಟ್ಟಿದರೆ ಅವು ನೆಲವನ್ನು ಕಂಡು ಹುಟ್ಟಿದವಾಗಿರುತ್ತವೆ.

ಇದು ಸಾಹಿತ್ಯ ವಿಭಾಗಗಳನ್ನು ವಿಜ್ಞಾನದ ಪ್ರಚಾರ ಶಾಖೆಯಾಗಿಸುವುದಲ್ಲವೆ ಎಂಬ ಆಕ್ಷೇಪ ಬರಬಹುದು. ಆಕ್ಷೇಪಕ್ಕೆ ಉತ್ತರ ಸಾಹಿತ್ಯದ ಒಳಗಿನಿಂದಲೇ ಬರಬೇಕು. ನೆಲದ ವಿವರ ಸೇರಿದಾಗ ಹಾಡಿನ ಅರ್ಥ ಹೆಚ್ಚಾಗುತ್ತದೆಯೆ ಎಂಬುದೇ ಪರೀಕ್ಷೆ. ತವರಿನ ಎರೆಯನ್ನು ನೆನೆಯುವ ಪದ, ಎಳ್ಳಮಾವಾಸ್ಯೆಯ ಚರಗ, ಝರಿಯ ಐತಿಹ್ಯ ಈ ಮೂರರಲ್ಲಿಯೂ ಅದು ಹೆಚ್ಚಾಗುವುದನ್ನು ಮೇಲೆ ಕಂಡಾಗಿದೆ. ಹೆಚ್ಚಾಗದ ಕಡೆ ಭೂವಿಜ್ಞಾನವನ್ನು ಬಲವಂತವಾಗಿ ತರಬೇಕಾದುದಿಲ್ಲ.

ಕಾಲ ಮಾತ್ರ ಹೆಚ್ಚಿಲ್ಲ. ಹಿಟ್ಟಿನ ಗಿರಣಿ ಊರೂರಿಗೆ ಬಂದು ದಶಕಗಳಾಗಿವೆ. ನಸುಕಿನಲ್ಲಿ ಕಲ್ಲಿನ ಮುಂದೆ ಕುಳಿತು ಹಾಡಿದ ತಲೆಮಾರು ಈಗ ಇಳಿವಯಸ್ಸಿನದು. ಅವರಿಗೆ ಹಾಡು ನೆನಪಿದೆ. ಕಲ್ಲು ಯಾವ ಹಳ್ಳದ್ದೆಂಬುದೂ ನೆನಪಿದೆ. ಹಾಡನ್ನು ಮಾತ್ರ ಕೇಳಿ ಬರೆದುಕೊಂಡು ಬಂದ ಸಂಶೋಧನೆ ಎರಡನೆಯ ಪ್ರಶ್ನೆಯನ್ನೂ ಕೇಳುವುದಕ್ಕೆ ಇದೇ ತಕ್ಕ ಸಮಯ.